ಬ್ಯಾನರಿನ ಮೇಲಿನ ಹಿಮ

“ಆ ಕಡೆ ಇನ್ನೊಂದೀಟು ಜಗ್ಗೋ ಅಮರ, ನಡುವ ಜೋಲು ಬಿದ್ದದ!”

ಹಲ್ಲಿನಲ್ಲಿ ಸುತಳಿ ಕಚ್ಚಿಕೊಂಡೇ ವಿಶ್ವನಾಥಪ್ಪ ಕೂಗಿದರು. ಕಾಲ ಕೆಳಗೆ ಸ್ಟೂಲು ಅಲುಗಾಡುತ್ತಿತ್ತು. ಅರವತ್ತು ದಾಟಿದ ಮನುಷ್ಯ ಬೆಳಬೆಳಿಗ್ಗೆ ಗೇಟಿನ ಕಂಬ ತಬ್ಬಿಕೊಂಡು ನಿಲ್ಲಬೇಕಾದ ಅಗತ್ಯವೇನೂ ಇರಲಿಲ್ಲ. ಆದರೆ ಸಂಘದ ಬ್ಯಾನರು ಕಟ್ಟುವ ಕೆಲಸವನ್ನು ಅವರು ಇಲ್ಲಿಯವರೆಗೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ಒಳಗೆ ಚನಬಸವ್ವನ ಮೈಗೆ ಇನ್ನೂ ನೀರು ಬಿದ್ದಿರಲಿಲ್ಲ. ಹೊರಗೆ ಆಕೆಯ ಭಾವಪೂರ್ಣ ಶ್ರದ್ಧಾಂಜಲಿ ಆಗಲೇ ಗಾಳಿಗೆ ಪಟಪಟ ಅನ್ನುತ್ತಿತ್ತು.

ನಾಸಿಕದ ಅಂಬಡದ ಕಾರ್ಖಾನೆಗಳಿಗೆ ಬೀದರ, ಕಲಬುರ್ಗಿ ಕಡೆಯಿಂದ ದುಡಿಯಲು ಬಂದವರಿಗೆ ಚನಬಸವ್ವ ಯಾರೆಂದು ಹೇಳಬೇಕಾಗಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆಕೆ ಖಾನಾವಳಿ ನಡೆಸುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ರಾತ್ರಿ ಪಾಳಿ ಮುಗಿಸಿ ಬಂದ ಹುಡುಗರಿಗೆ ನಸುಕಿನಲ್ಲೇ ಬಿಸಿ ರೊಟ್ಟಿ ಸಿಗುತ್ತಿತ್ತು. ಇವತ್ತೂ ನಸುಕಿನಲ್ಲಿ ಹಿಟ್ಟು ನಾದುತ್ತ ಕೂತವಳು ಹಾಗೇ ಗೋಡೆಗೆ ಒರಗಿಬಿಟ್ಟಳು. ಡಾಕ್ಟರು ಬರುವಷ್ಟರಲ್ಲಿ ಒಲೆಯ ಮೇಲಿನ ಎಸರು ಕುದಿದು ಕುದಿದು ಇಂಗಿಹೋಗಿತ್ತು.

ಸುದ್ದಿ ಕೇಳಿದ ಕೂಡಲೇ ಕನ್ನಡ ಬಳಗದ ಅಧ್ಯಕ್ಷರಾದ ವಿಶ್ವನಾಥಪ್ಪ ತಮ್ಮ ಕಾಳುಕಡಿ ಅಂಗಡಿಯ ಶಟರ್ ಎಳೆದು ಮೊದಲು ಫೋನ್ ಮಾಡಿದ್ದು ಅಮರನಿಗೆ. ಅಮರನದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಹೋದ ವರ್ಷದ ಸನ್ಮಾನದ ಬ್ಯಾನರು ಅವನ ಕಂಪ್ಯೂಟರಿನಲ್ಲಿ ತಯಾರಿತ್ತು. ‘ಸನ್ಮಾನ’ ತೆಗೆದು ‘ಶ್ರದ್ಧಾಂಜಲಿ’ ಹಾಕಿದ್ದಷ್ಟೇ ಕೆಲಸ. ಹಿಂದೆ ಬೆಳ್ಳಗಿನ ಹಿಮದ ಪರ್ವತ. ಎಡಕ್ಕೆ ಚನಬಸವ್ವನ ಚಿತ್ರ, ಬಲಕ್ಕೆ ತುಪ್ಪಳದ ಟೋಪಿ ಹಾಕಿ ಬಂದೂಕು ಹಿಡಿದ ಆಕೆಯ ಗಂಡ ಸಂಗಮನಾಥ. ನಡುವೆ ದಪ್ಪ ಅಕ್ಷರದಲ್ಲಿ ‘ಕಾರ್ಗಿಲ್ ಹುತಾತ್ಮನ ವೀರಪತ್ನಿ’. ತಳದಲ್ಲಿ ಸಂಘದ ಪದಾಧಿಕಾರಿಗಳ ಸಾಲು. ಆ ಸಾಲಿನ ನಟ್ಟನಡುವೆ, ಉಳಿದವರಿಗಿಂತ ಒಂದು ಕೈ ದೊಡ್ಡದಾಗಿ, ಕೈಮುಗಿದು ನಗುತ್ತಿರುವ ವಿಶ್ವನಾಥಪ್ಪ.

ಒಳಗಿನಿಂದ ಅಶ್ವಿನಿ ಬಂದಳು. ಚನಬಸವ್ವನ ತಮ್ಮನ ಮಗಳು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅತ್ತೆಯ ಜೊತೆಗೇ ಬೆಳೆದವಳು, ನಾಸಿಕದಲ್ಲೇ ಹುಟ್ಟಿದವಳು. ಅವಳ ಕನ್ನಡದಲ್ಲಿ ಅರ್ಧ ಮರಾಠಿ.

“ಕಾಕಾ, ಬಕ್ಕಪ್ಪ ಕಾಕಾಂದು ಫೋನ್ ಬಂದಿತ್ತು. ಸಂಭಾಜಿನಗರದಿಂದ ನಿಘಾಲೇತ, ಹೊಂಟಾರ, ಬಸ್ಸಿನಾಗ ಕೂತಾರ. ನಾವು ಬರೋತನಾ ಆತ್ಯಾನ್ನ ಎತ್ತಬ್ಯಾಡ್ರಿ ಅಂದ್ರು.”

“ಯಾವ ಬಕ್ಕಪ್ಪವಾ?”

“ಮಾಮಾನ ಪಲ್ಟಣದವರು. ಶ್ರೀಲಂಕಾದಾಗ ಸೋಬತ್, ಜೋಡೀಲೇ ಇದ್ರು. ಮಾಮಾ ಹೋದಾಗ ಬಾಜೂಕೇ ಇದ್ದರಂತ.”

ವಿಶ್ವನಾಥಪ್ಪನವರ ಹಲ್ಲಿನಿಂದ ಸುತಳಿ ಜಾರಿತು. ಬ್ಯಾನರಿನ ಒಂದು ಮೂಲೆ ಕಳಚಿ ಅವರ ತಲೆಯ ಮೇಲೆಯೇ ಬಿತ್ತು.

“ಶ್ರೀಲಂಕಾ?” ಎಂದ ಅಮರ, ಆ ತುದಿಯಿಂದ. “ಕಾರ್ಗಿಲ್ ಅಲ್ಲೇನ್ರಿ ಅಧ್ಯಕ್ಷರ?”

“ನೀ ಸುಮ್ಮನಿರೋ ಮಾರಾಯ,” ಎಂದರು ವಿಶ್ವನಾಥಪ್ಪ. ಬ್ಯಾನರಿನ ಅಡಿಯಲ್ಲಿ ಅವರ ಮುಖ ಕಾಣುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು.

*

ಅಮರನಿಗೆ ಗೊತ್ತಿರಲಿಲ್ಲ, ನಿಜ. ವಿಶ್ವನಾಥಪ್ಪನವರಿಗೆ ಗೊತ್ತಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಬಳಗದವರು ಕಾರ್ಗಿಲ್ ವಿಜಯದ ದಿನಕ್ಕೆ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ದೊಡ್ಡ ಅತಿಥಿ ಬರಲು ಒಪ್ಪಿದ್ದರು, ಹಾಲ್ ಬುಕ್ ಆಗಿತ್ತು, ಸನ್ಮಾನಕ್ಕೆ ಶಾಲು ತೆಂಗಿನಕಾಯಿ ಬಂದಿದ್ದವು. ಸನ್ಮಾನ ಮಾಡಿಸಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ಆಗ ಯಾರೋ, ಖಾನಾವಳಿ ಚನಬಸವ್ವನ ಗಂಡ ಮಿಲಿಟರಿಯಲ್ಲಿ ತೀರಿಕೊಂಡನಂತೆ ಎಂದರು. ವಿಶ್ವನಾಥಪ್ಪ ಹಿಂದೆಮುಂದೆ ನೋಡದೆ ಆಕೆಯ ಹೆಸರು ಹಾಕಿಸಿ ಕಾರ್ಡು ಹಂಚಿಸಿ, ಆಮೇಲೆ ಹೇಳಲು ಹೋದರು.

ಚನಬಸವ್ವ ರೊಟ್ಟಿ ಬಡಿಯುತ್ತಿದ್ದಳು. ಕಾರ್ಡು ನೋಡಿ ಕೈ ನಿಲ್ಲಿಸಿದಳು.

“ಕಾರ್ಗಿಲ್ ಅಲ್ರಿ ಅಣ್ಣಾರ. ನಮ್ಮವರು ಹೋಗಿದ್ದು ಶ್ರೀಲಂಕಾದಾಗ. ಜಾಫ್ನಾ ಅಂತ ಊರು. ಶಾಂತಿಪಡೆ ಅಂತ ಕಳಿಸಿದ್ರು, ಕಾರ್ಗಿಲ್ ಆಗೂದಕ್ಕೂ ಭಾಳ ಮೊದಲ.”

“ಹೌದೇನ್ರಿ?” ಎಂದು ವಿಶ್ವನಾಥಪ್ಪ ತಲೆ ಕೆರೆದುಕೊಂಡರು. “ಈಗ ಕಾರ್ಡ್ ಎಲ್ಲಾ ಹಂಚ್ಯಾರಲ್ರಿ ಅಕ್ಕಾರ. ಶ್ರೀಲಂಕಾ ಅಂದ್ರ ಮಂದಿಗಿ ಏನ್ ತಿಳೀತದ? ಅಲ್ಲಿ ಯಾಕ ಹೋಗಿದ್ರು ಅಂತ ಕೇಳ್ತಾರ. ಜೀವ ಕೊಟ್ಟಿದ್ದು ದೇಶಕ್ಕೇ ಅಲ್ಲೇನ್ರಿ? ಎಲ್ಲಾ ಒಂದೇ ತಗೋರಿ.”

“ಒಂದೇ ಏನ್ರಿ?” ಎಂದು ಆಕೆ ಕೇಳಿದಳು. ಜಗಳದ ದನಿಯಲ್ಲ. ನಿಜವಾಗಿ ಕೇಳಿದ ಹಾಗಿತ್ತು. ತಿಂಗಳಿಗೆ ಮೂಟೆಗಟ್ಟಲೆ ಜೋಳ ಅವರ ಅಂಗಡಿಯಿಂದಲೇ ಬರುತ್ತಿತ್ತು. ದೊಡ್ಡವರ ಮಾತು ತೆಗೆದುಹಾಕುವುದು ಆಕೆಗೆ ಬರುತ್ತಿರಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಆಕೆ ಅದನ್ನು ತಿರುವಿಹಾಕಿದಳು.

ವೇದಿಕೆಯ ಮೇಲೆ ಅತಿಥಿಗಳು ಹಿಮದ ಬಗ್ಗೆ ಮಾತಾಡಿದರು. ಮೂಳೆ ಕೊರೆಯುವ ಚಳಿಯಲ್ಲಿ, ಮಂಜಿನ ಶಿಖರದ ಮೇಲೆ ಸಂಗಮನಾಥ ಹೇಗೆ ಕೊನೆಯ ಉಸಿರಿನವರೆಗೆ ಹೋರಾಡಿದ ಎಂದು ಕಣ್ಣಿಗೆ ಕಟ್ಟುವಂತೆ ಹೇಳಿದರು. ಸಭೆಯಲ್ಲಿ ಹೆಂಗಸರು ಕಣ್ಣು ಒರೆಸಿಕೊಂಡರು. ವಿಶ್ವನಾಥಪ್ಪನವರೂ ಒರೆಸಿಕೊಂಡರು, ಸುಳ್ಳೆಂದು ಗೊತ್ತಿದ್ದೂ ಒರೆಸಿಕೊಂಡರು. ಶಾಲು ಹೊದ್ದುಕೊಂಡು ಚನಬಸವ್ವ ತನ್ನ ಕಾಲಬೆರಳುಗಳನ್ನೇ ನೋಡುತ್ತ ಕೂತಿದ್ದಳು. ಎಂಥ ವಿನಯ ಎಂದು ಜನ ಮಾತಾಡಿಕೊಂಡರು.

ಆಮೇಲೆ ಪ್ರತಿ ವರ್ಷವೂ ಅದೇ ನಡೆಯಿತು. ಹಿಮದ ಪರ್ವತ ಅಮರನ ಕೈಚಳಕ. ಸಂಗಮನಾಥನ ಹಳೆಯ ಪಾಸ್‌ಪೋರ್ಟ್ ಚಿತ್ರದ ಮುಖಕ್ಕೆ ಟೋಪಿ, ಬಂದೂಕು ಕೂಡಿಸಿದವನೂ ಅವನೇ.

*

“ಬಿಚ್ಚು ಅಂದ್ರ ಬಿಚ್ಚು,” ಎಂದು ವಿಶ್ವನಾಥಪ್ಪ ಬ್ಯಾನರನ್ನು ಎಳೆದು ಸುತ್ತತೊಡಗಿದರು. ಗಂಟು ಬಿಚ್ಚುವ ತಾಳ್ಮೆಯೂ ಇಲ್ಲದೆ ಸುತಳಿಯನ್ನು ಕಿತ್ತರು. ಅರ್ಧ ಸುತಳಿ ಬ್ಯಾನರಿನ ತೂತಿನಲ್ಲೇ ಉಳಿಯಿತು. ಸುತ್ತಿದ್ದನ್ನು ಅಮರನ ಪಿಕಪ್‌ ಗಾಡಿಯ ಹಿಂದೆ, ಬಾಳೆಕಂಬಗಳ ಕೆಳಗೆ ತುರುಕಿದರು.

ಹೆಂಡತಿ ಲತಾ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು.

“ಯಾಕ್ರೀ, ಈಗ ನಾಚಿಕಿ ಬಂತೇನು?” ಎಂದರು ಮೆಲ್ಲಗೆ. “ನಾ ಅವತ್ತೇ ಬಡಕೊಂಡೆ. ನನ್ನ ಮಾತಿಗಿ ಕಿಮ್ಮತ್ತಿದ್ರ ಅಲ್ಲಾ?”

“ಹೆಣ ಇಟ್ಟು ಜಗಳ ತೆಗೀಬ್ಯಾಡ ನೀ.”

“ಜಗಳ ಅಲ್ರಿ. ಅಶ್ವಿನಿ ಏನಂತಾಳ ಒಂದ್ ಸಲ ಕೇಳ್ರಿ.”

ಅಶ್ವಿನಿ ಹಿತ್ತಲಲ್ಲಿ ನೀರಿಗೆ ಉರಿ ಹಾಕುತ್ತಿದ್ದಳು. ಹೊಗೆಗೋ ಅಳುವಿಗೋ ಕಣ್ಣು ಕೆಂಪಾಗಿದ್ದವು. ಅವಳಿಗೆ ಇವರ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ. ಅದೇ ವಿಶ್ವನಾಥಪ್ಪನವರಿಗೆ ಹೆಚ್ಚು ಕಷ್ಟವಾಯಿತು.

“ಸಂಭಾಜಿನಗರದಾಗ ಪಲ್ಟಣದವರೆಲ್ಲಾ ವರ್ಷಕ್ಕೊಮ್ಮೆ ಕೂಡ್ತಾರ ಕಾಕಾ. ಶ್ರೀಲಂಕಾಕ್ಕ ಹೋದವರು, ತಿರುಗಿ ಬರಲಾರದವರ ಬಾಯಕೋ, ಪೋರಂ, ಹೆಂಡ್ರು ಮಕ್ಕಳು... ಎಲ್ಲಾರೂ. ಆತ್ಯಾ ಒಂದ್ ವರ್ಷಾನೂ ಬಿಡ್ತಿರಲಿಲ್ಲ. ನನಗೂ ಕರಕೊಂಡು ಹೋಗ್ತಿದ್ಲು. ಬಕ್ಕಪ್ಪ ಕಾಕಾ ಪ್ರತಿಸಲ ಮಾಮಾಂದು ಕಡೀ ದಿನ ಹೇಳ್ತಿದ್ರು. ಆತ್ಯಾ ಮತ್ತ ಹೇಳ್ರಿ, ಮತ್ತ ಹೇಳ್ರಿ ಅಂತಿದ್ಲು.”

“ಮುಂದ?”

“ನಿಮ್ಮ ಬ್ಯಾನರ್ ಫೋಟೋ ವಾಟ್ಸಾಪಿನಾಗ ಬಂದ ಮ್ಯಾಲ ಹೋಗೋದು ಬಿಟ್ಲು. ಅವರು ನೋಡಿದ್ರ ಏನ್ ಅಂತಾರ, ಗಂಡನ ಸಾವು ಬದಲಿ ಮಾಡಿ ಶಾಲು ಹೊತ್ಕೊಂಡಾಳ ಅಂತಾರ, ಯಾವ ಮಾರಿ ತಗೊಂಡು ಹೋಗ್ಲಿ ಅಂದ್ಲು. ಅವರಿಗಿ ಮಾತ್ರ ಮೊಳಕಾಲ್ ನೋವು ಅಂತ ಸುಳ್ಳ ಹೇಳಿದ್ಲು.”

ವಿಶ್ವನಾಥಪ್ಪನವರಿಗೆ ಕೂರಬೇಕೆನ್ನಿಸಿತು. ಕೂರಲು ಏನೂ ಇರಲಿಲ್ಲ.

“ಅವರಿಗಿ ಇದು ಮಾಹೀತ ಇಲ್ಲ ಕಾಕಾ. ಆತ್ಯಾ ನಮ್ಮನ್ನ ಮರ್ತು ಬಿಟ್ಲು ಅಂತ ತಿಳ್ಕೊಂಡಾರ. ನಾ ಹೇಳಿದ್ರ ನಿಮ್ಮ ಮ್ಯಾಲ ಚಾಡಿ ಹೇಳಿದಂಗ ಆಗ್ತದ. ನೀವೇ ಹೇಳ್ರಿ. ಮಣ್ಣಿಗಿ ಇಡೂದರಾಗ ಹೇಳ್ರಿ, ಪ್ಲೀಜ್.”

“ಹೇಳ್ತೀನವಾ,” ಎಂದರು ವಿಶ್ವನಾಥಪ್ಪ. “ನಾನೇ ಹೇಳ್ತೀನಿ.” ಹೇಳುವಾಗ ಅವರು ಮನಸ್ಸಿಟ್ಟೇ ಹೇಳಿದ್ದರು.

*

ಚನಬಸವ್ವ ಒಮ್ಮೆ ಅಂಗಡಿಗೆ ಬಂದಿದ್ದಳು. ಅದು ಈಗ ನೆನಪಾಯಿತು, ಬೇಡವೆಂದರೂ ನೆನಪಾಯಿತು.

ಜೋಳ ಒಯ್ಯಲು ಹುಡುಗರನ್ನು ಕಳಿಸುವವಳು ಅವತ್ತು ತಾನೇ ಬಂದು, ಬಟ್ಟೆಯಲ್ಲಿ ಸುತ್ತಿದ ಕಡಕ ರೊಟ್ಟಿಯನ್ನು ದುಡ್ಡಿನ ಗಲ್ಲೆಯ ಪಕ್ಕದಲ್ಲಿಟ್ಟು, ಗಿರಾಕಿಗಳು ಹೋಗುವ ತನಕ ಗೋಡೆಗೆ ಆತು ನಿಂತಳು. ಅವರು ಎರಡು ಸಲ ಕೂಡ್ರಿ ಎಂದರೂ ಕೂಡಲಿಲ್ಲ.

“ಅಣ್ಣಾರ, ಈ ಸಲ ಬೋರ್ಡಿನ ಮ್ಯಾಲ ಶ್ರೀಲಂಕಾ ಅಂತ ಬರಸ್ರಿ. ಸಣ್ಣ ಅಕ್ಷರದಾಗ ಬರಸಿದ್ರೂ ನಡೀತದ.”

“ಈಗ್ಯಾಕ್ರಿ ಅಕ್ಕಾರ? ಇಷ್ಟು ವರ್ಷ ಒಂದು ಹೇಳಿ ಈಗ ಇನ್ನೊಂದು ಹೇಳಿದ್ರ ಸಂಘದ ಮರ್ಯಾದಿ ಏನಾಗ್ತದ ಹೇಳ್ರಿ?”

“ನಾ ಸಂಭಾಜಿನಗರಕ್ಕ ಹೋಗಬೇಕಾಗ್ತದ್ರಿ,” ಎಂದಳು.

ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಆಕೆ ಹೇಳುತ್ತಿದ್ದಳು. ಹೇಳಲೆಂದೇ ಅಷ್ಟು ಹೊತ್ತು ನಿಂತಿದ್ದಳು. ಲಾಸಲಗಾಂವದಿಂದ ಉಳ್ಳಾಗಡ್ಡಿಯ ಲಾರಿ ಬಂದು ಡ್ರೈವರ್ ಹಾರ್ನ್ ಬಾರಿಸುತ್ತಿದ್ದ. “ಮುಂದಿನ ವರ್ಷ ನೋಡೂಣು ತಗೋರಿ,” ಎಂದು ಅವರು ಎದ್ದುಹೋದರು. ರಾತ್ರಿ ಮನೆಯಲ್ಲಿ ಆ ರೊಟ್ಟಿಯನ್ನು ಮೊಸರಿನ ಜೊತೆ ತಿಂದು, ಭಾಳ ಚಲೋ ಆಗ್ಯಾವ ಎಂದಿದ್ದರು.

*

ಮಧ್ಯಾಹ್ನ ದಾಟಿದ ಮೇಲೆ ಆಟೋದಿಂದ ಬಕ್ಕಪ್ಪ ಇಳಿದರು. ಬೆನ್ನು ನೆಟ್ಟಗಿದ್ದರೂ ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದರು. ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್. ಹಿಂದೆ ಅವರ ಹೆಂಡತಿ ಗೋದಾವರಿ. ಪದಕ, ಪೋಷಾಕು ಏನೂ ಇರಲಿಲ್ಲ. ದೊಡ್ಡ ಮೀಸೆಯ ಸುಬೇದಾರನೊಬ್ಬನನ್ನು ಎದುರುನೋಡಿ ಬೆಳಿಗ್ಗೆಯಿಂದ ಹೆದರಿದ್ದ ವಿಶ್ವನಾಥಪ್ಪನವರಿಗೆ ಸ್ವಲ್ಪ ಉಸಿರು ಬಂತು. ಇವರ ಹತ್ತಿರ ಹೇಳಬಹುದು ಅನ್ನಿಸಿತು.

ಚನಬಸವ್ವನನ್ನು ಆಗಲೇ ಕೂರಿಸಿದ್ದರು. ಲಿಂಗಾಯತರ ರೂಢಿಯಂತೆ ಚಕ್ಕಳಮಕ್ಕಳ ಹಾಕಿಸಿ, ಬೆನ್ನಿಗೆ ಹಲಗೆ ಕೊಟ್ಟು, ಹಣೆಗೆ ತೋಳಿಗೆ ವಿಭೂತಿ ಹಚ್ಚಿದ್ದರು. ಬಕ್ಕಪ್ಪ ಮುಂದೆ ಹೋಗಿ ನಿಂತು, ಕೈಮುಗಿಯಲು ಹೋಗಿ, ಬಿಟ್ಟು, ನೆಟ್ಟಗಾಗಿ ಸೆಲ್ಯೂಟ್ ಹೊಡೆದರು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತರು.

“ಇಕಿ ಕೊರಳಾಗ ಎರಡು ಲಿಂಗ ಅವ ನೋಡ್ರಿ,” ಎಂದರು, ಪಕ್ಕದಲ್ಲಿದ್ದ ವಿಶ್ವನಾಥಪ್ಪನವರಿಗೆ. “ಒಂದು ಸಂಗಮನಾಥಂದು. ನಾನೇ ಬಿಚ್ಚಿ ತಂದುಕೊಟ್ಟಿದ್ದೆ. ನಮ್ಮಲ್ಲಿ ಮಣ್ಣು ಕೊಡೂದದ, ಅವನಿಗಿ ಅಲ್ಲೇ ಬೆಂಕಿ ಕೊಟ್ರು. ಯುದ್ಧದಾಗ ಯಾರು ಕೇಳ್ತಾರ? ಇಕಿಗಿ ಬಂದಿದ್ದು ಒಂದು ಮಡಿಕಿ ಬೂದಿ. ಕೂತು ಅಳಲಿಕ್ಕ ಒಂದು ಗದ್ದಿಗಿನೂ ಇಲ್ಲ.”

“ಹ್ಯಾಂಗ... ಹ್ಯಾಂಗ ಆಯ್ತ್ರಿ ಅದು?”

“ಅಂವ ಲೈನ್‌ಮ್ಯಾನ್. ಫೋನಿನ ತಂತಿ ಹಾಸೂ ಕೆಲಸ. ಏನ್ ಶೆಕಿ ಅಂತೀರಿ ಅವತ್ತು! ಎಲ್ಲಿ ನೋಡಿದ್ರೂ ತಾಳೆಗಿಡ, ಉಸುಕು. ಟವೆಲ್ ನೀರಾಗ ಅದ್ದಿ ತಲಿಗಿ ಸುತ್ಕೊಂಡಿದ್ದ. ‘ಬಕ್ಕ್ಯಾ, ಇದಕ್ಕಿಂತ ನಮ್ಮ ಬೀದರ್ ಬಿಸಿಲೇ ಥಂಡ ಅಲ್ಲೋ’ ಅಂತ ನಕ್ಕ. ನಾಲ್ಕು ಹೆಜ್ಜಿ ಮುಂದ ಹೋದ. ಕಾಲ ಬುಡಕ ನೆಲಬಾಂಬ್ ಹುಗದಿದ್ರು.” ಬಕ್ಕಪ್ಪ ಎಡಗಾಲಿನ ಮೇಲೆ ಕೈಯಾಡಿಸಿದರು. “ನನಗ ಕಾಲಿಗಷ್ಟೇ ಬಡೀತು. ಇಷ್ಟೇ ರೀ ಕತಿ. ದೊಡ್ಡ ಶೌರ್ಯ ಏನಿಲ್ಲ. ಆದ್ರ ಇಕಿ ಪ್ರತಿ ವರ್ಷ ಬಂದು, ಆ ಟವೆಲ್ ಮಾತು ಮತ್ತ ಹೇಳ್ರಿ ಅಣ್ಣಾ ಅಂತಿದ್ಲು. ಕೇಳಿ ನಗ್ತಿದ್ಲು.”

ಗೋದಾವರಿ ಸೆರಗಿನಿಂದ ಮೂಗು ಒರೆಸಿಕೊಂಡರು. “ಒಮ್ಮೆಲೇ ಬರೂದು ಬಿಟ್ಟಳ್ರಿ. ನಾವು ಏನ್ ತಪ್ಪು ಮಾಡಿದ್ವೊ ಏನೋ. ಪ್ರತಿ ವರ್ಷ ಇಕಿ ಸಲುವಾಗಿ ಒಂದು ಕುಪ್ಪಸದ ಖಣ ತಗದಿಡ್ತೀನಿ. ಹಂಗೇ ಉಳೀತಾವ.”

ಈಗ ಹೇಳಬೇಕು. ಇದೇ ಹೊತ್ತು. ವಿಶ್ವನಾಥಪ್ಪನವರಿಗೆ ಅದು ಚೆನ್ನಾಗಿ ತಿಳಿಯಿತು. ಬಾಗಿಲ ಹತ್ತಿರ ನಿಂತ ಅಶ್ವಿನಿಯ ಕಣ್ಣು ತಮ್ಮ ಮೇಲೇ ಇದೆಯೆಂಬುದೂ ತಿಳಿಯಿತು.

“ಬಕ್ಕಪ್ಪಾರ,” ಎಂದರು, “ಒಂದು ಮಾತು ಹೇಳಬೇಕಾಗಿತ್ರಿ...”

“ಹೇಳ್ರಿ.”

“ಅಲ್ಲ, ಅಂದ್ರ... ಚನಬಸವ್ವಾರು ನಿಮ್ಮನ್ನ ಭಾಳ ನೆನಸ್ತಿದ್ರು,” ಎಂದುಬಿಟ್ಟರು. “ಚಹಾ ತಗೋತೀರೇನು?”

ಬಾಗಿಲಲ್ಲಿ ಈಗ ಅಶ್ವಿನಿ ಇರಲಿಲ್ಲ. ಹೆಣದ ಮನೆಯಲ್ಲಿ ಚಹಾ ಕೇಳಿದ ತಮ್ಮ ಬಾಯಿಗೆ ಮಣ್ಣು ಹಾಕಬೇಕು ಎಂದುಕೊಂಡರು ವಿಶ್ವನಾಥಪ್ಪ. ಬ್ಯಾನರಂತೂ ಇಲ್ಲ, ಇನ್ನು ಯಾರಿಗೆ ಗೊತ್ತಾಗಬೇಕು ಎಂಬ ಸಣ್ಣದೊಂದು ಸಮಾಧಾನವೂ ಆ ನಾಚಿಕೆಯ ಪಕ್ಕದಲ್ಲೇ ಬಂದು ಕೂತಿತು. ಅದನ್ನು ಅವರು ಎಬ್ಬಿಸಿ ಕಳಿಸಲಿಲ್ಲ.

*

ಬಾಳೆಕಂಬ ಕಟ್ಟಿದ ಹೆಣದ ವಿಮಾನದಲ್ಲಿ ಕೂತು ಚನಬಸವ್ವ ಅಂಬಡದ ಗಲ್ಲಿಗಳನ್ನು ದಾಟಿದಳು. ಪಾಳಿ ಬಿಟ್ಟು ಬಂದ ಹುಡುಗರು ಹೆಗಲು ಕೊಟ್ಟರು. ಭಜನೆಯವರು ಮುಂದೆ. ಅಮರ ಎಲ್ಲರಿಗಿಂತ ಮೊದಲೇ ಪಿಕಪ್ ತೆಗೆದುಕೊಂಡು ರುದ್ರಭೂಮಿಗೆ ಹೋಗಿ ಕುಣಿ ತೋಡಿಸುತ್ತಿದ್ದ.

ಕುಣಿಯೊಳಗೆ ಆಕೆಯನ್ನು ಮೂಡಣಕ್ಕೆ ಮುಖ ಮಾಡಿ ಕೂರಿಸಿದರು. ಅಯ್ಯನವರು ಅಂಗೈಯಲ್ಲಿ ಆಕೆಯ ಲಿಂಗವನ್ನಿಟ್ಟರು. ಬಕ್ಕಪ್ಪ ಕೇಳಿಕೊಂಡ ಮೇಲೆ ಸಂಗಮನಾಥನ ಲಿಂಗವನ್ನು ಮಡಿಲಲ್ಲಿಟ್ಟರು. “ಈಗರೆ ಅವನಿಗೂ ಮಣ್ಣು ಸಿಕ್ತು,” ಎಂದು ಬಕ್ಕಪ್ಪ ತಮ್ಮಷ್ಟಕ್ಕೇ ಅಂದುಕೊಂಡರು. ಬಿಲ್ವಪತ್ರೆ ಬಿತ್ತು, ವಿಭೂತಿ ಬಿತ್ತು. ಹರಹರ ಮಹಾದೇವ ಎಂದಿತು ಜನ.

ಮಣ್ಣು ಕೊಡಲು ಬಗ್ಗಿದಾಗ ವಿಶ್ವನಾಥಪ್ಪನವರ ಕಣ್ಣಿಗೆ ಅದು ಬಿತ್ತು. ಅಗೆದ ಮಣ್ಣು ಪಕ್ಕದ ಸಮಾಧಿಗಳ ಮೇಲೆ ಬೀಳಬಾರದೆಂದು ಕುಣಿ ತೋಡುವವರು ಅಮರನ ಗಾಡಿಯಿಂದ ಏನೋ ತೆಗೆದು ಹಾಸಿ ಅದರ ಮೇಲೆ ಗುಡ್ಡೆ ಹಾಕಿದ್ದರು. ಹಾಸಿದ್ದರ ಅಂಚಿನಲ್ಲಿ ಒಂದು ತೂತು. ತೂತಿನಲ್ಲಿ ಹರಿದ ಸುತಳಿ. ತಾವೇ ಬೆಳಿಗ್ಗೆ ಹಾಕಿದ ಗಂಟು.

“ಆ ಕಡೆಯಿಂದ ತಗೋರಿ ಮಣ್ಣು,” ಎಂದು ಕೂಗಿದರು. “ಇದು ಬ್ಯಾಡ, ಇದು ಇರಲಿ!”

“ದುಸರೀ ಮಾತೀ ಕುಠೇ ಆಹೆ ಶೇಟ?” ಎಂದ ಗುದ್ದಲಿಯವನು. ಬೇರೆ ಮಣ್ಣು ಎಲ್ಲಿಂದ ತರಲಿ ಎಂದು ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಜನ ಸಾಲಾಗಿ ಬಂದರು. ಆಕೆಯ ರೊಟ್ಟಿ ತಿಂದವರು ಒಬ್ಬರಾದ ಮೇಲೊಬ್ಬರು ಬಗ್ಗಿ, ಬೊಗಸೆಯಲ್ಲಿ ಮಣ್ಣೆತ್ತಿ, ಕುಣಿಗೆ ಹಾಕಿ ಕೈಮುಗಿದು ಸರಿದರು. ಅಷ್ಟು ಜನ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಅತ್ತ ಕುಣಿ ತುಂಬಿದಂತೆಲ್ಲ ಇತ್ತ ಗುಡ್ಡೆ ಕರಗಿತು. ಮೊದಲು ಕಂಡದ್ದು ತಳದ ಸಾಲು. ನಟ್ಟನಡುವೆ ಕೈಮುಗಿದು ನಗುತ್ತಿರುವ ವಿಶ್ವನಾಥಪ್ಪ. ಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಮರ ಅಯ್ಯೋ ಎಂದು ಬಗ್ಗಿದವನು, ಎಲ್ಲರೂ ನೋಡುತ್ತಿದ್ದಾರೆಂದು ಮತ್ತೆ ನಿಂತುಕೊಂಡ. ಆಮೇಲೆ ಬೆಳ್ಳಗಿನ ಹಿಮ ಕಂಡಿತು, ಬಂದೂಕು ಕಂಡಿತು.

ಬಕ್ಕಪ್ಪ ತಮ್ಮ ಪಾಲಿನ ಮಣ್ಣಿಗೆ ಬಗ್ಗಿದರು. ಕೈ ಅಲ್ಲೇ ನಿಂತಿತು.

“ಇಂವ ನಮ್ಮ ಸಂಗಮನಾಥ ಅಲ್ಲೇನ್ರಿ?”

ಅವರು ಮೊಳಕಾಲೂರಿ ಅಂಗೈಯಿಂದ ಮಣ್ಣು ಸರಿಸಿದರು. ಕನ್ನಡ ಓದಿ ಎಷ್ಟೋ ದಿನವಾಗಿತ್ತೇನೋ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ಕಾ...ರ್ಗಿ...ಲ್.” ಇನ್ನೊಮ್ಮೆ ಓದಿದರು. ತಲೆಯ ಮೇಲಿನ ತುಪ್ಪಳದ ಟೋಪಿಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ತಳದ ಸಾಲಿನ ಮುಖ ನೋಡಿ, ತಲೆಯೆತ್ತಿ ಎದುರಿಗೆ ನಿಂತ ಮುಖ ನೋಡಿದರು.

ವಿಶ್ವನಾಥಪ್ಪ ಕಣ್ಣು ತಪ್ಪಿಸಿ ಬಗ್ಗಿ, ಉಳಿದ ಮಣ್ಣನ್ನು ಬೊಗಸೆಯಲ್ಲಿ ಎತ್ತಿಕೊಂಡರು.

ಬಕ್ಕಪ್ಪ ಬೈಯಲಿಲ್ಲ. ಅವರ ಕಡೆ ಮತ್ತೆ ನೋಡಲೂ ಇಲ್ಲ. ಕುಣಿಯ ಅಂಚಿಗೆ ಮುಖ ಮಾಡಿ, ಆಕೆಗಷ್ಟೇ ಕೇಳುವಷ್ಟು ಮೆಲ್ಲಗೆ, “ಇದಕ್ಕಾ ಬರೂದು ಬಿಟ್ಟೆಲ್ಲವ್ವಾ ನೀ?” ಎಂದರು. “ಹುಚ್ಚೀ. ನಮಗ ಗೊತ್ತಿರಲಿಲ್ಲೇನು, ಅಂವ ಎಲ್ಲಿ ಹೋದ ಅಂತ?”

ಹೆಗಲ ಮೇಲಿನ ಟವೆಲ್ ತೆಗೆದು, ಪೂಜೆಗೆಂದು ತಂದಿದ್ದ ಕೊಡದ ನೀರಿನಲ್ಲಿ ಅದ್ದಿ, ಹಿಂಡದೆ ಹಾಗೇ ತಂದು ಆ ತುಪ್ಪಳದ ಟೋಪಿಯ ಮೇಲೆ ಹೊದಿಸಿದರು. ನೀರು ಹಿಮದ ಮೇಲಿನ ಮಣ್ಣನ್ನು ಕಲಸಿಕೊಂಡು ಕೆಳಕ್ಕೆ ಹರಿದು, ತಳದ ಸಾಲಿನಲ್ಲಿ ಮುಗಿದ ಕೈಗಳ ಮೇಲೆ ಬಂದು ನಿಂತಿತು. ಬಕ್ಕಪ್ಪ ತಮ್ಮ ಪಾಲಿನ ಮಣ್ಣು ಹಾಕಿ ಸರಿದ ಮೇಲೆ, ಕೊಡಲು ಉಳಿದವರು ವಿಶ್ವನಾಥಪ್ಪ ಒಬ್ಬರೇ. ಅವರು ಬೊಗಸೆಯನ್ನು ಎದೆಗೆ ಹಿಡಿದುಕೊಂಡು ನಿಂತೇ ಇದ್ದರು, ಬೆರಳ ಸಂದಿಯಿಂದ ಮಣ್ಣು ಅವರ ಚಪ್ಪಲಿಯ ಮೇಲೇ ಉದುರುತ್ತಿತ್ತು.